ಮರಿಪೆಟ್ಟಿಗೆಯ ಮುಂದೆ ಕೂತವರಿಗೆ



ಮೊಲ ಸಾಕಣೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಶುರುವಾಗುವುದು ಲೆಕ್ಕ. ಏಳು ಹೆಣ್ಣು, ಮೂರು ಗಂಡು ಸೇರಿದರೆ ಒಂದು ‘ಯೂನಿಟ್’. ಹೆಣ್ಣೊಂದು ವರ್ಷಕ್ಕೆ ಆರು ಸಲ ಮರಿ ಹಾಕುತ್ತದೆ, ಸಲಕ್ಕೆ ಆರು ಮರಿ, ಅಲ್ಲಿಗೆ ಏಳು ಹೆಣ್ಣಿಗೆ 252 ಮರಿ. ಮರಿಗೆ ಇಷ್ಟು ರೂಪಾಯಿ ಎಂದು ಗುಣಿಸುತ್ತಾ ಹೋದರೆ ಸಾಲ ತೀರಿ, ಮನೆಗೆ ತಾರಸಿ ಬಿದ್ದು, ಮಗಳ ಮದುವೆಯೂ ಮುಗಿದಿರುತ್ತದೆ. ಈ ಚಾಳಿ ಹಳೆಯದು. ಇಟಲಿಯ ಪೀಸಾ ಊರಿನ ಫಿಬೊನಾಚಿ ಎಂಬ ಗಣಿತಜ್ಞ 1202ರಲ್ಲಿ ಬರೆದ ಪುಸ್ತಕದಲ್ಲಿ, ಒಂದು ಜೋಡಿ ಮೊಲ ವರ್ಷ ತುಂಬುವುದರೊಳಗೆ ಎಷ್ಟು ಜೋಡಿ ಆದೀತು ಎಂದು ಕೇಳಿ, 377 ಜೋಡಿ ಎಂದು ಉತ್ತರ ಕೊಟ್ಟಿದ್ದಾನೆ. ಅವನ ಮೊಲಗಳಲ್ಲಿ ಒಂದೂ ಸಾಯುವುದಿಲ್ಲ. ಕಾಗದದ ಮೇಲಿನ ಮೊಲಕ್ಕೆ ಸಾವೆಲ್ಲಿಯದು?

ನಿಜವಾದ ಮೊಲಗಳೂ ಲೆಕ್ಕ ತಪ್ಪುವಷ್ಟು ಹೆಚ್ಚಿದ್ದುಂಟು. 1859ರ ಕ್ರಿಸ್ಮಸ್ ದಿನ ಇಂಗ್ಲೆಂಡಿನಿಂದ 24 ಮೊಲಗಳು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದಿಳಿದವು. ಥಾಮಸ್ ಆಸ್ಟಿನ್ ಎಂಬ ಭೂಮಾಲೀಕ ಬೇಟೆಯ ಮೋಜಿಗೆಂದು ತರಿಸಿಕೊಂಡ ಮೊಲಗಳು ಅವು. ಐವತ್ತು ವರ್ಷಗಳಲ್ಲಿ ಅವುಗಳ ಸಂತಾನ ಆ ಖಂಡದ ಬಹುಭಾಗಕ್ಕೆ ಹಬ್ಬಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೊಲ ತಡೆಯುವುದಕ್ಕೆಂದೇ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಬೇಲಿ ಹಾಕಬೇಕಾಯಿತು. ಅಲ್ಲಿ ಆ ಮೊಲಗಳಿಗೆ ಬಾಣಂತನ ಮಾಡಿದವರು ಯಾರೂ ಇರಲಿಲ್ಲ. ನಾವು ಹಗಲೂ ರಾತ್ರಿ ಟಾರ್ಚು ಹಿಡಿದು ಕಾವಲು ಕೂತ ಮರಿಪೆಟ್ಟಿಗೆಯಲ್ಲಿ ಮಾತ್ರ ಎಂಟು ಹುಟ್ಟಿ ಮೂರು ಉಳಿಯುತ್ತವೆ. ಯಾಕೆ ಎಂಬುದನ್ನೇ ಈ ಹೊತ್ತು ಮಾತಾಡೋಣ.

ನಾನು ಪಶುವೈದ್ಯ. ಮೊಲ ಸಾಕಿದವರಿಂದ ಬರುವ ಫೋನುಗಳಲ್ಲಿ ಬಹುಪಾಲು ಒಂದೇ ಧಾಟಿ. “ಡಾಕ್ಟ್ರೇ, ಮರಿ ಹಾಕಿ ಎರಡು ದಿನ ಆಯ್ತು, ತಾಯಿ ಪೆಟ್ಟಿಗೆ ಕಡೆ ತಿರುಗೀನೂ ನೋಡ್ತಿಲ್ಲ. ಮೂಲೇಲಿ ಕೂತ್ಕೊಂಡು ಹುಲ್ಲು ತಿಂತಾ ಇದೆ. ಹಾಲು ಕೊಡ್ತಾನೇ ಇಲ್ಲ.”

“ಮರಿ ಹೊಟ್ಟೆ ನೋಡಿದ್ರೇನಮ್ಮ?”

“ಇಲ್ಲ ಸಾರ್. ಬೆಳಿಗ್ಗೆಯಿಂದ ತಾಯೀನ ಹಿಡಿದು ಹಿಡಿದು ಪೆಟ್ಟಿಗೆ ಒಳಗೆ ಬಿಡ್ತಾ ಇದೀವಿ. ಅದು ಎಗರಿ ಎಗರಿ ಆಚೆ ಬರ್ತಾ ಇದೆ.”

ಎಗರುವಾಗ ಅದರ ಹಿಂಗಾಲು ಬೀಳುವುದು ಮರಿಗಳ ಮೇಲೆ. ತಾಯಿ ಹಾಲು ಕೊಡುತ್ತಿಲ್ಲ ಎಂದು ಒಮ್ಮೆ ಮನಸ್ಸಿಗೆ ಬಂದುಬಿಟ್ಟರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು.

ತಾಯಿ ಮೊಲ ಮರಿಗೆ ಹಾಲೂಡುವುದೇ ದಿನಕ್ಕೊಂದು ಸಲ, ಅದೂ ಮೂರರಿಂದ ಐದು ನಿಮಿಷ. ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ನಾವು ನೋಡದ ಹೊತ್ತಿನಲ್ಲಿ ಅದು ಮುಗಿದಿರುತ್ತದೆ. ಹಸು ನೆಕ್ಕುವುದನ್ನು, ಬೆಕ್ಕು ಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುವುದನ್ನು ಕಂಡ ನಮಗೆ ಇದು ಕಲ್ಲೆದೆ ಅನಿಸುತ್ತದೆ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಬಿಲಮೊಲ. ಅದು ಮರಿಗಳಿಗೆಂದೇ ಬೇರೆ ಚಿಕ್ಕ ಬಿಲ ತೋಡಿ, ಒಣಹುಲ್ಲು ಮತ್ತು ತನ್ನದೇ ತುಪ್ಪಳ ಹಾಸಿ, ಮರಿ ಹಾಕಿ, ಬಿಲದ ಬಾಯಿಗೆ ಮಣ್ಣು ಮುಚ್ಚಿ ಹೋಗಿಬಿಡುತ್ತದೆ. ದಿನಕ್ಕೊಮ್ಮೆ ಬಂದು ಮಣ್ಣು ಸರಿಸಿ, ಹಾಲೂಡಿ, ಮತ್ತೆ ಮುಚ್ಚುತ್ತದೆ. ತಾಯಿ ಅಲ್ಲೇ ಸುಳಿದಾಡುತ್ತಿದ್ದರೆ ನರಿಗೆ ಬಿಲದ ದಾರಿ ತೋರಿಸಿದ ಹಾಗೆ. ದೂರ ಇರುವುದೇ ಅದು ಮಾಡುವ ಆರೈಕೆ. ನಮ್ಮ ತಂತಿಗೂಡಿನಲ್ಲಿ ಮೂಲೆ ಹಿಡಿದು ಕೂತ ತಾಯಿ ಮಾಡುತ್ತಿರುವುದೂ ಅದನ್ನೇ. ಪಾಪ, ಅದಕ್ಕೆ ಇದಕ್ಕಿಂತ ದೂರ ಹೋಗಲು ಜಾಗವಿಲ್ಲ.

ಒಂದೇ ಹೊತ್ತಿನ ಊಟವಾದ್ದರಿಂದ ಹಾಲು ಬಲು ಗಟ್ಟಿ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಆಸುಪಾಸು, ಮೊಲದ ಹಾಲಿನಲ್ಲಿ 12ರ ಸುತ್ತಮುತ್ತ. ಪ್ರೋಟೀನೂ ಮೂರು ಪಟ್ಟು. ಹುಟ್ಟಿದಾಗ 50 ಗ್ರಾಮಿನಷ್ಟಿದ್ದ ಮರಿ ವಾರ ಕಳೆಯುವುದರೊಳಗೆ ಎರಡರಷ್ಟಾಗುತ್ತದೆ. ಮರಿಗಳು ಹಾಲು ಕುಡಿಯುವ ಕ್ರಮ ನೋಡಿದರೆ ಆಶ್ಚರ್ಯವಾಗುತ್ತದೆ. ಕಣ್ಣು ಮುಚ್ಚಿದೆ, ಕಿವಿ ಕೇಳಿಸದು, ಮೈಮೇಲೆ ಕೂದಲಿಲ್ಲ. ಆದರೂ ತಾಯಿ ಬರುವ ಹೊತ್ತು ಹತ್ತಿರವಾದಂತೆ ತುಪ್ಪಳದ ಅಡಿಯಿಂದ ಮೇಲಕ್ಕೆ ಬಂದು ಒದ್ದಾಡತೊಡಗುತ್ತವೆ. ತಾಯಿ ಮೇಲೆ ನಿಂತ ಕೆಲವೇ ಸೆಕೆಂಡುಗಳಲ್ಲಿ ಮೊಲೆತೊಟ್ಟು ಸಿಕ್ಕಿರುತ್ತದೆ. ತೊಟ್ಟಿನಿಂದ ಬರುವ ವಾಸನೆಯೇ ದಾರಿ. ಆ ವಾಸನೆಯ ರಾಸಾಯನಿಕ ಯಾವುದೆಂದು ಫ್ರಾನ್ಸಿನ ಸಂಶೋಧಕರು 2003ರಲ್ಲಿ ಗುರುತಿಸಿದರು. ನಮ್ಮ ಹಂದಿಮರಿ ತನ್ನದೇ ತೊಟ್ಟು ಹಿಡಿದು ಕೂರುತ್ತದೆ. ಮೊಲದ ಮರಿ ಹಾಗಲ್ಲ, ಅರ್ಧ ನಿಮಿಷಕ್ಕೊಂದು ತೊಟ್ಟು ಬದಲಿಸುತ್ತಾ ಸಿಕ್ಕಷ್ಟು ಎಳೆಯುತ್ತದೆ. ತಾಯಿ ಎದ್ದು ಹಾರಿಹೋದ ಮೇಲೆ ಎಲ್ಲವೂ ಉಚ್ಚೆ ಹೊಯ್ದು ಮತ್ತೆ ತುಪ್ಪಳದೊಳಕ್ಕೆ ಇಳಿದು ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಇನ್ನು ಏಳುವುದು ನಾಳೆ.

ಹಾಗಾಗಿ ಹಾಲು ಸಿಕ್ಕಿದೆಯೇ ಎಂದು ತಾಯಿಯನ್ನು ನೋಡಿ ತೀರ್ಮಾನಿಸಬೇಡಿ. ಮರಿಯ ಹೊಟ್ಟೆ ನೋಡಿ. ಬೆಳಿಗ್ಗೆ ತಾಯಿಗೆ ಒಂದು ಹಿಡಿ ಸೊಪ್ಪು ಕೊಟ್ಟು ಆಚೆ ಇರಿಸಿ. ಕೈ ತೊಳೆದು ಒರೆಸಿಕೊಂಡು, ಪೆಟ್ಟಿಗೆಯ ಹಾಸಿಗೆಯನ್ನೇ ಒಂದಿಷ್ಟು ಕೈಗೆ ಉಜ್ಜಿಕೊಂಡು, ತುಪ್ಪಳ ಸರಿಸಿ ಮರಿಯೊಂದನ್ನು ಅಂಗೈಗೆ ತೆಗೆದುಕೊಳ್ಳಿ. ಹಾಲು ಕುಡಿದ ಮರಿಯ ಹೊಟ್ಟೆ ಬಿರಿಯುವಂತೆ ದುಂಡಗಿರುತ್ತದೆ. ಮೊದಲ ಕೆಲವು ದಿನ ಚರ್ಮ ಎಷ್ಟು ತೆಳುವೆಂದರೆ ಒಳಗಿನ ಹಾಲಿನ ಬಿಳುಪು ಹೊರಗೇ ಕಾಣುತ್ತದೆ. ಹಸಿದ ಮರಿಯ ಹೊಟ್ಟೆ ಒಳಸೇರಿ, ಪಕ್ಕೆಯ ಚರ್ಮ ಸುಕ್ಕುಗಟ್ಟಿ, ಬಣ್ಣ ಮಂಕಾಗಿರುತ್ತದೆ. ಮುಟ್ಟಿದರೆ ತಲೆಯೆತ್ತಿ ಹುಡುಕಾಡುತ್ತದೆ. ಎಣಿಸಿ. ಸತ್ತದ್ದಿದ್ದರೆ, ಒದ್ದೆಯಾದ ಹಾಸಿಗೆಯಿದ್ದರೆ ತೆಗೆಯಿರಿ. ಮುಚ್ಚಿ. ಎರಡು ನಿಮಿಷದ ಕೆಲಸ. ಮನುಷ್ಯರ ಕೈ ತಗುಲಿದರೆ ತಾಯಿ ಮರಿ ಬಿಡುತ್ತದೆ ಎಂಬ ಮಾತು ದಿನಾ ಮೇವು ಹಾಕುವ ಕೈಗೆ ಅನ್ವಯಿಸದು. ನೆರೆಮನೆಯ ಮಕ್ಕಳು, ಅವರ ಹಿಂದೆ ನಾಯಿ, ಎಲ್ಲರ ಕೈಯಲ್ಲೂ ಮೊಬೈಲು — ಇಂಥ ಮೆರವಣಿಗೆಯಿಂದ ಗಾಬರಿಯಾದ ತಾಯಿ ಮರಿ ತುಳಿಯುವುದು, ಕಚ್ಚುವುದು ಉಂಟು.

ಈಗ ಸ್ವಲ್ಪ ಹಿಂದಕ್ಕೆ ಹೋಗಿ, ಮರಿ ಹುಟ್ಟುವ ಮೊದಲಿನ ಸಂಗತಿ ಹೇಳಿಬಿಡುತ್ತೇನೆ. ಹಸು, ಎಮ್ಮೆ ಗಬ್ಬವಾಗದಿದ್ದರೆ 21 ದಿನಕ್ಕೊಮ್ಮೆ ಬೆದೆಗೆ ಬರುತ್ತವೆ. ಮೊಲಕ್ಕೆ ಅಂಥ ಪಂಚಾಂಗವಿಲ್ಲ. ಗಂಡಿನೊಡನೆ ಕೂಡಿದ ಮೇಲೆಯೇ, ಹತ್ತು ಹನ್ನೆರಡು ಗಂಟೆ ಕಳೆದು, ಅಂಡ ಬಿಡುಗಡೆಯಾಗುತ್ತದೆ. ಯಾವಾಗಲೂ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಹೆಣ್ಣು ತನ್ನ ಜಾಗಕ್ಕಾಗಿ ಕಾದಾಡುತ್ತದೆ. ತಂಪು ಹೊತ್ತು ಒಳ್ಳೆಯದು. ನಿಮ್ಮ ಕಣ್ಣೆದುರೇ ಆಗಲಿ, ಕೂಡಿದ ಗಂಡು ಮಗ್ಗುಲಿಗೆ ಉರುಳಿಬಿದ್ದರೆ ಕೆಲಸ ಆಯಿತೆಂದು ಅರ್ಥ; ಹೆಣ್ಣನ್ನು ಅದರ ಗೂಡಿಗೆ ಮರಳಿಸಿ ತಾರೀಖು ಬರೆದುಕೊಳ್ಳಿ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂಥ ತಳಿಗಳ ಹೆಣ್ಣಿಗೆ ಐದಾರು ತಿಂಗಳು ತುಂಬುವ ಮೊದಲು ಆತುರ ಬೇಡ.

ಗಬ್ಬದ ಅವಧಿ 30ರಿಂದ 32 ದಿನ. ಅನುಭವಸ್ಥರು 12ರಿಂದ 14ನೇ ದಿನದ ನಡುವೆ ಕೆಳಹೊಟ್ಟೆಯನ್ನು ಹಗುರವಾಗಿ ಮುಟ್ಟಿ, ದ್ರಾಕ್ಷಿಯ ಗಾತ್ರದ ಉಂಡೆಗಳು ಬೆರಳಿನಡಿ ಜಾರುವುದನ್ನು ಗುರುತಿಸುತ್ತಾರೆ. ಕೈ ಪಳಗದವರು ಒತ್ತಿ ನೋಡಬೇಡಿ. ಹುಸಿಗಬ್ಬ ಎಂಬುದೂ ಇದೆ: ಫಲಿಸದ ಜೋಡಿ, ಅಥವಾ ಒಂದು ಹೆಣ್ಣಿನ ಮೇಲೆ ಇನ್ನೊಂದು ಹೆಣ್ಣು ಏರಿದರೂ ಸಾಕು, 16ರಿಂದ 18ನೇ ದಿನಕ್ಕೆ ಅದು ತುಪ್ಪಳ ಕೀಳುತ್ತಾ ಹುಲ್ಲು ಕಚ್ಚಿಕೊಂಡು ಓಡಾಡುತ್ತದೆ. ತಾರೀಖು ಬರೆದವರು ಇದಕ್ಕೆ ಮೋಸ ಹೋಗುವುದಿಲ್ಲ.

28ನೇ ದಿನ ಮರಿಪೆಟ್ಟಿಗೆ ಇಡಬೇಕು. ಸಾಕುವವರೆಲ್ಲ ‘ನೆಸ್ಟ್ ಬಾಕ್ಸ್’ ಎನ್ನುವುದು ಇದಕ್ಕೇ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆ. ತಾಯಿ ಒಳಹೋಗುವ ಕಡೆ ಅರ್ಧ ಅಡಿಯಷ್ಟು ಅಡ್ಡಹಲಗೆ ಇರಬೇಕು. ಮರಿಯೊಂದು ತೊಟ್ಟು ಬಿಡದೆ ನೇತಾಡುತ್ತಾ ತಾಯಿಯ ಜೊತೆ ಆಚೆ ಬರುವುದನ್ನು ತಡೆಯುವುದೇ ಈ ಹಲಗೆ. ತಳಕ್ಕೆ ಸಣ್ಣ ತೂತುಗಳಿರಲಿ, ಉಚ್ಚೆ ಇಳಿದುಹೋಗಲಿ. ಹಾಸಲು ಮೆತ್ತನೆಯ ಒಣಹುಲ್ಲು ಎಲ್ಲಕ್ಕಿಂತ ಮೇಲು. ಮರದ ಹೊಟ್ಟಿನ ನುಣ್ಣನೆಯ ಪುಡಿ ಮೂಗಿಗೆ ಹೋಗುತ್ತದೆ. ಹತ್ತಿ, ಬಟ್ಟೆಯ ದಾರ, ತೆಂಗಿನ ನಾರು ಮರಿಯ ಕಾಲಿಗೆ ಕತ್ತಿಗೆ ಸುತ್ತಿಕೊಳ್ಳುತ್ತವೆ. ಅಂಗೋರ ತಳಿ ಸಾಕಿದವರು ತಾಯಿ ಕಿತ್ತ ಉದ್ದನೆಯ ಉಣ್ಣೆಯನ್ನೂ ಕತ್ತರಿಸಿ ಗಿಡ್ಡ ಮಾಡಿ ಹಾಕಬೇಕಾಗುತ್ತದೆ. ನಮ್ಮ ಕಡೆ ಇನ್ನೊಂದು ಶತ್ರು ಇರುವೆ. ಹುಟ್ಟಿದ ರಾತ್ರಿಯ ರಕ್ತದ ವಾಸನೆಗೆ ಸಾಲುಗಟ್ಟಿ ಬಂದು ಬೆಳಗಾಗುವುದರೊಳಗೆ ಪೆಟ್ಟಿಗೆಯನ್ನೇ ಮುಗಿಸುತ್ತವೆ. ಗೂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಇಲಿ, ಹೆಗ್ಗಣಕ್ಕೆ ದಾರಿಯಿಲ್ಲದಂತೆ ತಂತಿಬಲೆ ಬಿಗಿಯಾಗಿರಲಿ.

ಮರಿ ಹಾಕುವುದು ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ತಾಯಿ ಕಸ ತಿನ್ನುತ್ತದೆ, ಅದು ಸಹಜ. ಮರಿಯನ್ನೇ ತಿಂದರೆ ಮೊದಲು ನೀರಿನ ಬಟ್ಟಲು ನೋಡಿ. ಬಾಯಾರಿಕೆ, ಗಲಾಟೆ, ಚೊಚ್ಚಲ ಹೆರಿಗೆಯ ಗಾಬರಿ ಇವೇ ಸಾಮಾನ್ಯ ಕಾರಣ. ಚೊಚ್ಚಲಿನಲ್ಲಿ ಹಾಗಾಯಿತೆಂದು ಆ ಹೆಣ್ಣನ್ನು ತೆಗೆದುಹಾಕಬೇಡಿ. ಎರಡನೆಯ ಸಲ ಚೆನ್ನಾಗಿ ಸಾಕುತ್ತದೆ. ಅದೇ ಮುಂದುವರಿದರೆ ಮಾತ್ರ ಅದು ತಳಿಗೆ ಬೇಡ.

ಗೂಡಿನ ತಂತಿಯ ಮೇಲೆ ತಣ್ಣಗಾಗಿ ಬಿದ್ದಿರುವ ಮರಿ ಸಿಗುವುದು ಸಾಮಾನ್ಯ. ನೀಲಿಗಟ್ಟಿದೆ, ಅಲುಗಾಡುವುದಿಲ್ಲ. ಅದನ್ನು ತಿಪ್ಪೆಗೆಸೆಯುವ ಮೊದಲು ದಯವಿಟ್ಟು ಕಾಲು ಗಂಟೆ ಕೊಡಿ. ಮೊಲದ ಮರಿಯ ಹೆಗಲಿನ ನಡುವೆ ಕಂದು ಬಣ್ಣದ ವಿಶೇಷ ಕೊಬ್ಬು ಇರುತ್ತದೆ. ಮರಿ ಮೈ ಕಾಯಿಸಿಕೊಳ್ಳುವುದು ಅದನ್ನು ಉರಿಸಿಕೊಂಡು. ಅದು ಮುಗಿದ ಮೇಲೂ ಕೆಲ ಹೊತ್ತು ಜೀವ ಹಿಡಿದಿರುತ್ತದೆ. ಎರಡು ಅಂಗೈಗಳ ನಡುವೆ ಇಟ್ಟುಕೊಳ್ಳಿ, ಇಲ್ಲವೇ ಬೆಚ್ಚನೆಯ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಅದರ ಪಕ್ಕ ಮಲಗಿಸಿ. ಬಲ್ಬಿನ ಕೆಳಗೆ ಸುಡಬೇಡಿ. ಮೊದಲು ಬಾಯಿ ತೆರೆಯುತ್ತದೆ, ಆಮೇಲೆ ಒಂದು ಕಾಲು ಎಳೆಯುತ್ತದೆ, ಮೈ ಗುಲಾಬಿಗೆ ತಿರುಗುತ್ತದೆ. ಪೂರ್ತಿ ಬೆಚ್ಚಗಾದ ಮೇಲೆ ಒಡಹುಟ್ಟಿದವುಗಳ ನಡುವೆ ಸೇರಿಸಿ. ತಣ್ಣನೆಯ ಮರಿಗೆ ಹಾಲು ಹನಿಸಲು ಹೋಗಬೇಡಿ, ಅದಕ್ಕೆ ನುಂಗುವ ಶಕ್ತಿಯಿರುವುದಿಲ್ಲ. ಮೊಲ ತನ್ನ ಮರಿಯನ್ನು ಬೆಕ್ಕಿನಂತೆ ಬಾಯಲ್ಲಿ ಕಚ್ಚಿ ಗೂಡಿಗೆ ತರುವುದಿಲ್ಲ. ಹೊರಬಿದ್ದ ಮರಿಯನ್ನು ಒಳಗಿಡುವ ಕೆಲಸ ನಮ್ಮದೇ. ನಾವು ಕೈಹಾಕಲೇಬೇಕಾದ ಜಾಗ ಇದು. ಇದೇ ಜಾಗದಲ್ಲಿ ನಾವು ಕೈಚೆಲ್ಲುತ್ತೇವೆ.

ತಾಯಿಗೆ ಇರುವುದು ಎಂಟರಿಂದ ಹತ್ತು ತೊಟ್ಟು. ಹನ್ನೆರಡು ಮರಿ ಹಾಕಿತೆಂದು ಹಿಗ್ಗುವವರಿಗೆ ಬಲವಾದ ಎಂಟು ಉಳಿದು ಬಡಕಲಾದ ನಾಲ್ಕು ವಾರದೊಳಗೆ ಹೋಗುವುದು ಕಾಣುತ್ತದೆ. ಇದಕ್ಕೆ ಉಪಾಯ ಮರಿಗಳನ್ನು ಹಂಚುವುದು. ಎರಡು ಮೂರು ಹೆಣ್ಣುಗಳನ್ನು ಒಂದೇ ದಿನ ಜೋಡಿ ಮಾಡಿಸಿದರೆ ಒಂದೆರಡು ದಿನದ ಅಂತರದಲ್ಲಿ ಮರಿ ಹಾಕುತ್ತವೆ. ಹೆಚ್ಚಿದ್ದ ಕಡೆಯಿಂದ ಕಡಿಮೆ ಇರುವ ಕಡೆಗೆ, ಮೊದಲ ಮೂರು ದಿನದೊಳಗೆ, ಆ ಗೂಡಿನ ತುಪ್ಪಳವನ್ನೇ ಮೈಗೆ ಸವರಿ ಮರಿಗಳ ನಡುವೆ ಇಟ್ಟುಬಿಡಿ. ಮೊಲ ಎಣಿಸುವುದಿಲ್ಲ, ಭೇದ ಮಾಡುವುದೂ ಅಪರೂಪ. ಒಂದೇ ಹೆಣ್ಣು ಇದ್ದವರಿಗೆ ಈ ಅನುಕೂಲವಿಲ್ಲ, ಅದಕ್ಕೇ ಒಂಟಿ ಹೆಣ್ಣಿನಿಂದ ಮರಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಹೊಟ್ಟೆಗಳೆಲ್ಲ ಸುಕ್ಕುಗಟ್ಟಿದ್ದು ತಾಯಿ ನಿಜಕ್ಕೂ ಹತ್ತಿರ ಹೋಗುತ್ತಿಲ್ಲವಾದರೆ, ಪೆಟ್ಟಿಗೆಯನ್ನು ಗೂಡಿನಿಂದ ಆಚೆ ತನ್ನಿ. ದಿನಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ, ತಾಯಿಯನ್ನು ಪೆಟ್ಟಿಗೆಯಲ್ಲಿ ಮರಿಗಳ ಮೇಲೆ ನಿಲ್ಲಿಸಿ, ಬೆನ್ನು ಸವರುತ್ತಾ ಐದು ನಿಮಿಷ ಹಗುರವಾಗಿ ಹಿಡಿದುಕೊಳ್ಳಿ. ಎರಡು ಮೂರು ದಿನದಲ್ಲಿ ಬಹಳಷ್ಟು ತಾಯಂದಿರು ತಾವೇ ನಿಲ್ಲುತ್ತವೆ. ದಿನವಿಡೀ ಹಿಡಿದು ಬಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ.

ತಾಯಿಯೇ ಸತ್ತರೆ? ಇನ್ನೊಂದು ತಾಯಿ ಸಿಕ್ಕರೆ ಮರಿ ಉಳಿಯುತ್ತದೆ. ಸಿಗದಿದ್ದರೆ ಫಿಲ್ಲರಿನಲ್ಲಿ ಹಾಲು ಹನಿಸಿ ಬದುಕಿಸುವುದು ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರಯತ್ನಿಸುವವರು ಮರಿಯನ್ನು ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿ ಹಿಡಿದು ತುಟಿಯ ಅಂಚಿಗೆ ಹನಿ ಮುಟ್ಟಿಸಿ, ಅದೇ ನೆಕ್ಕಲಿ. ಆಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಒರೆಸಿ ಉಚ್ಚೆ ಹೊಯ್ಯಿಸಬೇಕು.

ಮೂರು ನಾಲ್ಕನೇ ದಿನಕ್ಕೆ ನವಿರಾದ ಕೂದಲು ಮೂಡುತ್ತದೆ. ಹತ್ತರಿಂದ ಹನ್ನೆರಡನೇ ದಿನಕ್ಕೆ ಕಣ್ಣು ಬಿಡುತ್ತದೆ. ಎರಡು ವಾರವಾದರೂ ರೆಪ್ಪೆ ಅಂಟಿಕೊಂಡಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ನೆನೆಸಿ ಮೆಲ್ಲಗೆ ಒರೆಸಿ. ಕೀವು ಕಂಡರೆ ವೈದ್ಯರಿಗೆ ತೋರಿಸಿ. ತಾಯಿ ಹಾಲೂಡಲು ಬಂದಾಗ ಪೆಟ್ಟಿಗೆಯಲ್ಲಿ ನಾಲ್ಕಾರು ಹಿಕ್ಕೆ ಬಿಟ್ಟುಹೋಗಿರುತ್ತದೆ. ಮರಿಗಳು ಅದನ್ನು ಕಡಿಯುತ್ತವೆ. ಗಲೀಜು ಎಂದು ಒಂದನ್ನೂ ಬಿಡದೆ ಗುಡಿಸಬೇಡಿ; ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆಗೆ ಸೇರುವ ದಾರಿಗಳಲ್ಲಿ ಅದೂ ಒಂದು. ಮೂರನೇ ವಾರಕ್ಕೆ ಮರಿಗಳು ತಾವಾಗಿ ಆಚೆ ಬಂದು ತಾಯಿಯ ಮೇವಿಗೆ ಬಾಯಿ ಹಾಕುತ್ತವೆ. ಗರಿಕೆ, ಕುದುರೆ ಮಸಾಲೆ, ಅಲಸಂದೆ ಸೊಪ್ಪು ಎಲ್ಲವೂ ಸರಿ. ಕೊಯ್ದು ಬಾಡಿಸಿ ಕೊಡಿ, ಇಬ್ಬನಿ ಹಸಿ ಬೇಡ. ರೇಷ್ಮೆ ಬೆಳೆಯುವ ಕಡೆ ಮಿಕ್ಕ ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಬಲು ಇಷ್ಟ, ಔಷಧಿ ಹೊಡೆದ ತೋಟದ್ದಾಗಿರಬಾರದು ಅಷ್ಟೆ. ಐದಾರು ವಾರಕ್ಕೆ ಹಾಲು ಬಿಡಿಸಬಹುದು. ಮೇವನ್ನೂ ಜಾಗವನ್ನೂ ಒಂದೇ ದಿನ ಬದಲಿಸಿದರೆ ಭೇದಿ ಖಂಡಿತ. ಭೇದಿಯಾಯಿತೆಂದು ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆ ಅರೆದು ಕುಡಿಸುವವರಿದ್ದಾರೆ. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಜೀವಿಗಳೆಲ್ಲ ಸತ್ತು, ಮೊಲವೂ ಸಾಯುತ್ತದೆ.

ಬೇಸಿಗೆಯ ವಿಚಾರ. ಮೊಲ ಬೆವರುವುದಿಲ್ಲ, ಮೈಯ ಬಿಸಿ ಹೊರಹೋಗುವುದು ಕಿವಿಯಿಂದ, ಉಸಿರಿನಿಂದ. 30 ಡಿಗ್ರಿ ದಾಟಿದ ಬಿಸಿಲು ಹಲವು ದಿನ ನಿಂತರೆ ಗಂಡಿನ ವೀರ್ಯ ಕೆಡುತ್ತದೆ, ಹೊಸದು ತಯಾರಾಗಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಜೂನ್‌ನಲ್ಲಿ ಮಳೆ ಬಿದ್ದು ತಂಪಾದರೂ ಹೆಣ್ಣು ಗಬ್ಬ ನಿಲ್ಲದಿದ್ದರೆ ಕಾರಣ ಏಪ್ರಿಲ್‌ನಲ್ಲಿದೆ. ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿದೆ. ಅಲ್ಲಿ ಮೊಲ ಸಾಕಿ ಸಂಶೋಧನೆ ನಡೆಸುತ್ತಾರೆ. ಆ ಬೆಟ್ಟದ ಚಳಿಯಲ್ಲಿ ಮೊಲ ಹೇಗೆ ಬಾಳುತ್ತದೆಂದು ನೋಡಿ ಬಂದು ರಾಯಚೂರಿನಲ್ಲಿ ಅದೇ ಲೆಕ್ಕ ಹಾಕಿದರೆ ನಡೆಯದು. ಕೊಡಗು, ಮಲೆನಾಡು, ಬೆಂಗಳೂರಿನ ಸುತ್ತ ಹವೆ ಅನುಕೂಲ. ಬಯಲುಸೀಮೆಯವರು ಮಾರ್ಚ್‌ನಿಂದ ಮೇವರೆಗೆ ಜೋಡಿ ಮಾಡಿಸದೆ, ಒದ್ದೆ ಗೋಣಿತಾಟು ಇಳಿಬಿಟ್ಟು ಇದ್ದ ಮೊಲಗಳನ್ನು ಉಳಿಸಿಕೊಂಡರೆ ಅದೇ ಲಾಭ. ಇನ್ನು ಮೊಲ ಕೊಳ್ಳಲು ಹೊರಟವರು, ಮರಿಗಳನ್ನು ತಾವೇ ಮರಳಿ ಕೊಳ್ಳುವುದಾಗಿ ಹೇಳುವವರ ಮಾತಿಗೆ ಮರುಳಾಗುವ ಮೊದಲು, ಯಾವ ಹೆಣ್ಣು ಯಾವಾಗ ಎಷ್ಟು ಹಾಕಿತು, ಒಂದು ತಿಂಗಳಿಗೆ ಎಷ್ಟು ಉಳಿದವು ಎಂದು ಬರೆದಿಟ್ಟ ಪುಸ್ತಕ ತೋರಿಸಲು ಕೇಳಿ. ಪುಸ್ತಕವಿಲ್ಲದ ಕಡೆ ಕೊಳ್ಳಬೇಡಿ.

ಕೊನೆಯದಾಗಿ, ಸಾಕದೇ ಇರುವವರಿಗೂ ಒಂದು ಮಾತು. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲ ಈ ಸಾಕುಮೊಲದ ಜಾತಿಯಲ್ಲ. ಅದು ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ತಾಯಿ ಮರಿಯನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ಹಗಲೆಲ್ಲ ದೂರವಿರುತ್ತದೆ. ರಾಗಿ ಕಳೆ ತೆಗೆಯುವಾಗ, ಹುರುಳಿ ಕೀಳುವಾಗ ಒಂಟಿಯಾಗಿ ಮುದುಡಿ ಕೂತ ಮರಿ ಸಿಕ್ಕರೆ ಅನಾಥ ಎಂದುಕೊಂಡು ಮಡಿಲಿಗೆ ಹಾಕಿಕೊಂಡು ಮನೆಗೆ ತರುತ್ತೀರಿ. ಹಸುವಿನ ಹಾಲು ಕುಡಿಸುತ್ತೀರಿ. ಹೆಚ್ಚಿನವು ಉಳಿಯುವುದಿಲ್ಲ. ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯಲ್ಲಿರುವ ಪ್ರಾಣಿ. ಹಿಡಿದು ಸಾಕುವುದೂ ಅಪರಾಧ. ಅದಕ್ಕೆ ಏಟಾಗಿರದಿದ್ದರೆ ಕೂತಲ್ಲೇ ಬಿಡಿ, ಸುತ್ತ ನಾಲ್ಕು ಮೊಳ ಪೈರು ಉಳಿಸಿ ಮುಂದೆ ಹೋಗಿ, ಆ ದಿನ ನಾಯಿಯನ್ನು ಹೊಲದ ಕಡೆ ಬಿಡಬೇಡಿ.